ಉಗ್ರಾಣದ ತಿದ್ದುಪಡಿ

ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ಕಟ್ಟಿದವರು ಸಾಲ ಕೊಟ್ಟು ಕೆಟ್ಟವರಿರಬೇಕು. ವಿದ್ಯೆ ಕೊಟ್ಟು ಕೆಟ್ಟವರಿಗೆ ಬೇರೆ ಗಾದೆ ಇಲ್ಲದ್ದರಿಂದ ಅವರೂ ಇದರಲ್ಲೇ ಸುಧಾರಿಸಿಕೊಳ್ಳಬೇಕು.

ಅವಳು ಬ್ಯಾಕೆಂಡ್ ಕೆಲಸದವಳು. ಅಂದರೆ, ಜನ ಫೋನಿನಲ್ಲಿ ಒಂದು ಗುಂಡಿ ಒತ್ತಿದಾಗ ಅದರ ಹಿಂದೆ, ಯಾರ ಕಣ್ಣಿಗೂ ಬೀಳದ ಕಡೆ ಹತ್ತಾರು ಸರ್ವರ್‌ಗಳು ಒಂದಕ್ಕೊಂದು ಮಾತಾಡಿಕೊಂಡು ಕೆಲಸ ಪೂರೈಸುತ್ತವಲ್ಲ, ಅವು ಜಗಳವಾಡದಂತೆ ನೋಡಿಕೊಳ್ಳುವವಳು. ಔಷಧ ಹಂಚುವ ಕಂಪನಿಯೊಂದರಲ್ಲಿ ಬಹಳ ವರ್ಷ ದುಡಿದಳು. ಸೇರಿದ ಹೊಸದರಲ್ಲಿ ಏನು ಕೇಳಿದರೂ ಅಲ್ಲಿನ ಹಿರಿಯರು, ಎಲ್ಲ ನೆಟ್‌ನಲ್ಲಿದೆ, ಹುಡುಕಿಕೊಳ್ಳಿ ಎನ್ನುತ್ತಿದ್ದರು. ಅವರಿಗೂ ಗೊತ್ತಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಹಾಗೆ ಹುಡುಕಿ ಹುಡುಕಿ ಕಲಿತದ್ದನ್ನೆಲ್ಲ ಅವಳು ಒಂದು ವೆಬ್ ಪುಟದಲ್ಲಿ ಬರೆದಿಡತೊಡಗಿದಳು. ಅದಕ್ಕೆ ‘ಉಗ್ರಾಣ’ ಎಂದು ಹೆಸರಿಟ್ಟಳು. ನೌಕರರು ಹೊರಗೆ ಏನನ್ನೂ ಬರೆಯಕೂಡದೆಂದು ಕಂಪನಿಯ ನಿಯಮವಿದ್ದುದರಿಂದ ತನ್ನ ಹೆಸರು ಹಾಕಲಿಲ್ಲ.

ಉಗ್ರಾಣದಲ್ಲಿ ಏನಿತ್ತು, ಏನಿರಲಿಲ್ಲ! ಒಂದು ಸರ್ವರ್ ಕೆಟ್ಟರೂ ನಿಲ್ಲದ ಡೇಟಾಬೇಸ್ ಯಾವುದು, ಸಂದೇಶಗಳನ್ನು ಸರದಿಯಲ್ಲಿ ನಿಲ್ಲಿಸುವ ಸಾಧನಗಳಲ್ಲಿ ಯಾವುದು ಮರೆಗುಳಿ, ಉತ್ತರ ತಡವಾದರೆ ಎಲ್ಲಿ ಸಿಕ್ಕಿಕೊಂಡಿದೆ ಎಂದು ಪತ್ತೆಮಾಡುವುದು ಹೇಗೆ, ಎಲ್ಲಕ್ಕೂ ಅವಳದೇ ಷರಾ. ‘ಈ ಡೇಟಾಬೇಸನ್ನು ನಂಬಿ, ಇದರ ಜಾಹೀರಾತನ್ನು ನಂಬಬೇಡಿ.’ ‘ಇದು ಒಳ್ಳೆಯದೇ, ಆದರೆ ಹೊಟ್ಟೆಬಾಕ, ಎಷ್ಟು ಮೆಮೊರಿ ಕೊಟ್ಟರೂ ಸಾಲದು.’ ಕೊನೆಯಲ್ಲಿ ಕಲಿಯುವವರು ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳಲೆಂದು ಒಂದಿಷ್ಟು ಪ್ರಶ್ನೆಗಳು, ಅವುಗಳ ಉತ್ತರ. ಎಲ್ಲೆಲ್ಲಿಂದಲೋ ಹುಡುಗ ಹುಡುಗಿಯರು ಬರೆಯುತ್ತಿದ್ದರು. ಇಷ್ಟು ತಿಳಿದವರು ಗಂಡಸೇ ಇರಬೇಕೆಂದು ತಾವೇ ತೀರ್ಮಾನಿಸಿ ‘ಉಗ್ರಾಣದಣ್ಣ’ ಎನ್ನುತ್ತಿದ್ದರು. ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಲಿಫ್ಟ್ ರಿಪೇರಿ ಮಾಡುವ ಅವಳ ಗಂಡನೂ ಕೆಲವು ದಿನ ಅವಳನ್ನು ಅಣ್ಣಾ ಎಂದೇ ಕರೆದು ಬೈಸಿಕೊಂಡ.

ಆ ಪ್ರಶ್ನೆಗಳಲ್ಲಿ ಒಂದು ಕೀಲಿಯದು. ಲೆಕ್ಕದ ಪುಸ್ತಕವಿರುವ ಒಂದು ಕೋಣೆ, ಅದಕ್ಕೆ ಒಂದೇ ಕೀಲಿ, ಕೀಲಿ ಕೊಡಲು ಒಬ್ಬ ಕಾವಲುಗಾರ. ಒಂದೇ ಸಲಕ್ಕೆ ಇಬ್ಬರು ಒಳಹೊಕ್ಕು ಬರೆದರೆ ಲೆಕ್ಕ ಕಲಸಿಹೋಗುವುದರಿಂದ ಸರ್ವರ್‌ಗಳು ಒಂದಾದ ಮೇಲೊಂದು ಕೀಲಿ ತೆಗೆದುಕೊಂಡು ಹೋಗುತ್ತವೆ. ಕೀಲಿ ಹಿಡಿದವನು ಒಳಗೇ ಸತ್ತರೆ ಕೆಲಸ ನಿಲ್ಲಬಾರದೆಂದು ಕೀಲಿಗೊಂದು ಅವಧಿ. ಅವಧಿ ಮುಗಿದರೆ ಕಾವಲುಗಾರ ಇನ್ನೊಬ್ಬನಿಗೆ ಹೊಸ ಕೀಲಿ ಕೊಡುತ್ತಾನೆ. ಇಷ್ಟಿದ್ದರೆ ಕೋಣೆ ಭದ್ರವೇ ಎಂಬುದು ಪ್ರಶ್ನೆ. ಅವಧಿ ಸಾಕಷ್ಟು ಉದ್ದವಿದ್ದರೆ ಭದ್ರ ಎಂದು ಅವಳು ಉತ್ತರ ಬರೆದಿದ್ದಳು. ಆಗ ಎಲ್ಲರೂ ಹಾಗೇ ತಿಳಿದಿದ್ದರು.

ಆ ಉತ್ತರ ತಪ್ಪೆಂದು ಅವಳಿಗೆ ಕಲಿಸಿದ್ದು ಅವಳ ಕಂಪನಿಯ ಗೋದಾಮೇ. ಅಲ್ಲಿನ ಲೆಕ್ಕದ ಕೀಲಿ ಹಿಡಿದಿದ್ದ ಸರ್ವರ್ ಸತ್ತಿರಲಿಲ್ಲ, ತೂಕಡಿಸಿತ್ತು. ಅವಧಿ ಮುಗಿಯಿತು, ಇನ್ನೊಂದು ಸರ್ವರ್ ಬಂದು ಹೊಸ ಲೆಕ್ಕ ಬರೆದು ಹೋಯಿತು. ಆಮೇಲೆ ಮೊದಲನೆಯದು ಕಣ್ಣುಜ್ಜಿಕೊಂಡು ಎದ್ದು, ಕೋಣೆ ಇನ್ನೂ ತನ್ನದೇ ಎಂದುಕೊಂಡು, ಹೊಸದರ ಮೇಲೆ ಹಳೆಯ ಲೆಕ್ಕವನ್ನು ಬರೆಯಿತು. ಯಾರದೋ ಔಷಧ ಯಾರಿಗೋ ಹೋಯಿತು. ಸಕ್ಕರೆ ಕಾಯಿಲೆಯ ಮುದುಕರೊಬ್ಬರು ಆಸ್ಪತ್ರೆ ಸೇರಿದರು. ಅವರು ಗುಣವಾಗಿ ಮನೆಗೆ ಹೋದ ಸುದ್ದಿ ಬರುವ ತನಕ ಅವಳು ದಿನಾ ಆಸ್ಪತ್ರೆಗೆ ಫೋನ್ ಮಾಡುತ್ತಿದ್ದಳು. ಪ್ರತಿ ಕೀಲಿಗೂ ಏರುತ್ತಾ ಹೋಗುವ ಒಂದು ಅಂಕೆ ಇರಬೇಕು, ಆ ಅಂಕೆಯನ್ನು ಕಾವಲುಗಾರನಲ್ಲ, ಕೋಣೆಯೇ ನೋಡಬೇಕು, ಹಳೆಯ ಅಂಕೆ ಹಿಡಿದು ಬಂದವನನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಬೇಕು ಎಂದು ಕಂಡುಕೊಂಡು ಗೋದಾಮನ್ನು ಸರಿಮಾಡಿದಳು. ಅಂದೇ ಉಗ್ರಾಣದಲ್ಲೂ ತಿದ್ದಿದಳು. ‘ಇಷ್ಟು ದಿನ ನಾನು ಹೇಳಿದ್ದು ತಪ್ಪು, ಕ್ಷಮಿಸಿ’ ಎಂದು ಮೇಲೆ ಬರೆದಳು.

ಉಗ್ರಾಣಕ್ಕೆ ಅವಳು ಸೇರಿಸಿದ ಕೊನೆಯ ಮಾತು ಅದೇ. ಸ್ವಲ್ಪ ದಿನಕ್ಕೇ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ನೋಡಿಕೊಳ್ಳಲು ಇಟ್ಟುಕೊಂಡ ಹೆಂಗಸರು ಒಬ್ಬರೂ ನಿಲ್ಲಲಿಲ್ಲ, ಅತ್ತೆ ಎಡಗೈಯಿಂದ ಬಟ್ಟಲು ಎಸೆಯುತ್ತಿದ್ದರು. ಸೊಸೆ ತಿನ್ನಿಸಿದರೆ ಮಾತ್ರ ಬಾಯಿ ತೆರೆಯುತ್ತಿದ್ದರು. ಅದು ಪ್ರೀತಿಯೋ ಹಟವೋ ಕೇಳೋಣವೆಂದರೆ ಅವರಿಗೆ ಮಾತಿಲ್ಲ. ಅವಳು ಕೆಲಸ ಬಿಟ್ಟಳು. ನಾದಿನಿ ವಾರಕ್ಕೊಮ್ಮೆ ಬರುತ್ತಿದ್ದಳು; ಹಣ್ಣು ತರುತ್ತಿದ್ದಳು, ಸಲಹೆ ತರುತ್ತಿದ್ದಳು, ಅತ್ತಿಗೆ ನೀವು ಹೋಗಿ ಒಂದು ಗಳಿಗೆ ಮಲಗಿ ಎಂಬ ಮಾತನ್ನು ಮಾತ್ರ ಒಂದು ದಿನವೂ ತರಲಿಲ್ಲ. ಅತ್ತೆ ತೀರಿಕೊಂಡಾಗ ಅವಳ ಕೂದಲು ಅರ್ಧ ಬೆಳ್ಳಗಾಗಿತ್ತು.

ಆಮೇಲೆ ಕಂಪ್ಯೂಟರಿನ ಧೂಳು ಒರೆಸಿ ತೆರೆದು ನೋಡಿದರೆ ಉಗ್ರಾಣವೇ ಇರಲಿಲ್ಲ. ಪುಟವನ್ನು ಪುಕ್ಕಟೆಯಾಗಿ ಇಟ್ಟುಕೊಂಡಿದ್ದ ಕಂಪನಿ ಅಂಗಡಿ ಮುಚ್ಚಿತ್ತು. ಬೇಕಾದವರು ತಮ್ಮ ಸಾಮಾನು ತೆಗೆದುಕೊಂಡು ಹೋಗಿ ಎಂದು ಅವರು ಮತ್ತೆ ಮತ್ತೆ ಬರೆದಿದ್ದರು. ಅವಳು ಆಗ ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದಳು. ಅಸಲು ಹೀಗೆ ಸತ್ತಿತ್ತು, ನಕಲುಗಳು ಮಾತ್ರ ದಷ್ಟಪುಷ್ಟವಾಗಿದ್ದವು. ತರಬೇತಿ ಕೊಡುವ ಒಂದು ಸಂಸ್ಥೆ ಅವಳ ಪ್ರಶ್ನೋತ್ತರಗಳನ್ನು ಪೂರಾ ಎತ್ತಿಕೊಂಡು, ಮೇಲೆ ತನ್ನ ಮುದ್ರೆ ಹಾಕಿ ಸಂದರ್ಶನದ ಪ್ರಶ್ನೆಪತ್ರಿಕೆಯೆಂದು ಮಾರುತ್ತಿತ್ತು. ಅದನ್ನು ನೋಡಿ ಇನ್ನೊಬ್ಬರು, ಅವರನ್ನು ನೋಡಿ ಮತ್ತೊಬ್ಬರು. ಎಲ್ಲರೂ ಎತ್ತಿಕೊಂಡಿದ್ದು ತಿದ್ದುವ ಮೊದಲಿನದನ್ನು. ಅವಳು ಒಂದೊಂದಕ್ಕೂ ಬರೆದು ತಿಳಿಸಿದಳು. ತರಬೇತಿ ಸಂಸ್ಥೆಯಿಂದ ಉತ್ತರವೇನೋ ಬಂತು. ನಮ್ಮ ಕೋರ್ಸ್ ಸೇರಿ, ಮೂಲದಿಂದ ಕಲಿಸುತ್ತೇವೆ ಎಂದಿತ್ತು.

ಅವಳಿಗೆ ಕೆಲಸ ಬೇಕಿತ್ತು. ಸಂಬಳದ ಮಾತಲ್ಲ, ಗಂಡನ ದುಡಿಮೆಯಲ್ಲಿ ಮನೆ ನಡೆಯುತ್ತಿತ್ತು. ಆ ಕೆಲಸವಿಲ್ಲದೆ ಅವಳಿಗೆ ತಾನು ಯಾರೆಂದೇ ಗೊತ್ತಾಗುತ್ತಿರಲಿಲ್ಲ. ಇನ್ನೊಂದು ವರ್ಷ ಹೀಗೇ ಕಳೆದರೆ ಕರೆದು ಮಾತಾಡಿಸುವವರೂ ಇರುವುದಿಲ್ಲ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಮೊದಲ ಸಂದರ್ಶನದಲ್ಲಿ ಕತ್ತಿಗೆ ಹೆಡ್‌ಫೋನ್ ನೇತುಹಾಕಿಕೊಂಡ ಯುವಕ ಎದುರಿಗೆ ಕೂತಿದ್ದ. ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಎಂದು ಕೇಳಿ, ಉತ್ತರ ಮುಗಿಯುವ ಮೊದಲೇ ಪ್ರಶ್ನೆಪತ್ರಿಕೆ ತೆರೆದ. ಪ್ರಶ್ನೆಗಳು ಅವಳವೇ, ಅವಳ ವಾಕ್ಯಗಳೇ, ಅವಳು ಹಾಕಿದ್ದ ಅಲ್ಪವಿರಾಮವೂ ಇದ್ದಲ್ಲೇ ಇತ್ತು. ಕೀಲಿಯ ಸರದಿ ಬಂದಾಗ ಅವಳು ಅಂಕೆಯ ವಿಷಯ ಹೇಳಿದಳು. ಅವನು ಹಾಳೆ ನೋಡಿಕೊಂಡು ಅಲ್ಲವೆಂದು ತಲೆಯಾಡಿಸಿದ. ಹಾಳೆಯಲ್ಲಿರುವುದು ತಪ್ಪು ಎಂದಳು. ಅವನು ಮೆತ್ತಗೆ ನಕ್ಕು, ಇದು ಎಲ್ಲ ಕಡೆಯೂ ಒಪ್ಪಿಕೊಂಡಿರುವ ಉತ್ತರ ಎಂದ. ತಡೆಯಲಾರದೆ, ಆ ಪ್ರಶ್ನೆ ಬರೆದವಳು ನಾನೇ ಎಂದುಬಿಟ್ಟಳು. ಆಗ ಅವನ ಮುಖದಲ್ಲಿ ಕಂಡದ್ದು ಕನಿಕರ. ಅದಕ್ಕಿಂತ ಅವನು ಬೈದಿದ್ದರೆ ವಾಸಿಯಿತ್ತು. ನೀರು ಕುಡೀತೀರಾ ಮೇಡಂ ಎಂದು ಕೇಳಿದ.

ಮುಂದಿನದರಲ್ಲೂ ಅದೇ ಹಾಡು, ಅದರ ಮುಂದಿನದರಲ್ಲೂ ಅದೇ. ಮನೆಗೆ ಬಂದು ಚಪ್ಪಲಿ ಬಿಡದೆ ಕುರ್ಚಿಯ ಮೇಲೆ ಕೂತವಳಿಗೆ ಗಂಡ ಹೇಳಿದ, ‘ನೋಡು, ಲಿಫ್ಟ್ ಚೆಕ್ ಮಾಡೋಕೆ ಇನ್‌ಸ್ಪೆಕ್ಟರ್ ಬರ್ತಾನೆ. ಅವನ ಪಟ್ಟಿ ಯಾವ ಕಾಲದ್ದೋ ಏನೋ. ಅದು ತಪ್ಪು ಅಂತ ಅವನ ಹತ್ರ ವಾದ ಮಾಡಿದ್ರೆ ಲಿಫ್ಟ್‌ಗೆ ಬೀಗ ಬೀಳುತ್ತೆ. ಪಟ್ಟೀಲಿರೋ ಹಾಗೆ ತೋರಿಸ್ತೀವಿ, ಸಹಿ ಹಾಕ್ತಾನೆ, ಹೋಗ್ತಾನೆ. ಆಮೇಲೆ ಹಗ್ಗ ಎಷ್ಟು ಬಿಗೀಬೇಕೋ ಅಷ್ಟು ನಾವೇ ಬಿಗೀತೀವಿ. ಮೊದಲು ನೀನು ಒಳಗೆ ಹೋಗು.’

ಇದು ಮೋಸ ಅಲ್ಲವಾ ಎಂದು ಅವಳು ಕೇಳಿದಳು. ಯಾರಿಗೆ ಮೋಸ, ನೀನು ಬರೆದದ್ದನ್ನೇ ನೀನು ಹೇಳುತ್ತೀಯ ಎಂದು ಅವನು ನಕ್ಕ. ಅವಳಿಗೆ ನಗು ಬರಲಿಲ್ಲ.

ಹೀಗೆ ಸಾಮಾನು ಸಾಗಿಸುವ ಕಂಪನಿಯೊಂದರಲ್ಲಿ, ಕೆಮ್ಮಿನ ಗುಳಿಗೆ ಚೀಪುತ್ತಾ ಕೂತಿದ್ದ ಟೀಮ್ ಲೀಡ್ ಕೀಲಿಯ ಪ್ರಶ್ನೆ ಕೇಳಿದಾಗ ಅವಳು, ಅವಧಿ ಸಾಕಷ್ಟು ಉದ್ದವಿದ್ದರೆ ಭದ್ರ ಎಂದಳು. ನಾಲಿಗೆ ತಡವರಿಸಲಿಲ್ಲ. ಅಂಕೆ ಗಿಂಕೆ ಏನಾದರೂ ಬೇಕೇ ಎಂದು ಅವನು ಕೇಳಲಿಲ್ಲ, ಅವನಿಗೆ ಗೊತ್ತಿದ್ದರೆ ತಾನೇ? ಈ ಪ್ರಶ್ನೆಯಲ್ಲಿ ಬಹಳ ಜನ ಎಡವುತ್ತಾರೆ, ನಿಮ್ಮ ಬುನಾದಿ ಗಟ್ಟಿಯಿದೆ ಎಂದು ಹೊಗಳಿದ. ಬುನಾದಿಯ ಅಡಿಯಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿತ್ತು. ಕೆಲಸ ಸಿಕ್ಕಿತು.

ಸೇರಿದ ಮೇಲೆ ಹಗ್ಗ ಬಿಗಿಯಲು ನೋಡಿದಳು. ತನ್ನ ಪಾಲಿಗೆ ಬಂದ ಸರ್ವರ್‌ಗಳಲ್ಲಿ ಸದ್ದಿಲ್ಲದೆ ಕೀಲಿಗೆ ಅಂಕೆ ಸೇರಿಸಿದಳು. ಅದನ್ನು ಯಾರೂ ಗಮನಿಸಲಿಲ್ಲ. ಪ್ರಶ್ನೆಪತ್ರಿಕೆಯನ್ನು ಒಮ್ಮೆ ನೋಡೋಣವೇ, ಒಂದೆರಡು ಉತ್ತರ ಹಳತಾದಂತಿದೆ ಎಂದು ಟೀಮ್ ಲೀಡ್‌ಗೆ ಸುತ್ತುಬಳಸಿ ಹೇಳಿದಳು. ಅದು ಹೊರಗಿನಿಂದ ಬರುವುದು, ಎಲ್ಲ ಶಾಖೆಗೂ ಒಂದೇ, ಕೈ ಹಾಕುವಂತಿಲ್ಲ ಎಂದು ಅವನು ಸಮಾಧಾನದಿಂದಲೇ ವಿವರಿಸಿದ. ಯಾವ ಉತ್ತರ ಎಂದು ಕೇಳಿಯೂ ಕೇಳಿದ. ಕೀಲಿಯದು ಎಂದು ಬಾಯಿಬಿಟ್ಟರೆ, ನೀವೇ ಅದನ್ನು ಸರಿಯಾಗಿ ಹೇಳಿದ್ದಿರಲ್ಲ ಎನ್ನುತ್ತಾನೆ. ಬಿಸಿ ತುಪ್ಪ, ನುಂಗಲೂ ಆಗದು ಉಗುಳಲೂ ಆಗದು. ನೆನಪಿಲ್ಲ, ನೋಡಿ ಹೇಳುತ್ತೇನೆ ಎಂದು ಅಲ್ಲಿಂದ ಎದ್ದಳು. ನೋಡಿ ಹೇಳಲೇ ಇಲ್ಲ.

ಹೊಸ ಜನರನ್ನು ತೆಗೆದುಕೊಳ್ಳುವ ಕಾಲ ಬಂದಾಗ ಟೀಮ್ ಲೀಡ್ ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡ. ಅಂದು ಬಂದವರಲ್ಲಿ ಒಬ್ಬರಿಗೆ ಐವತ್ತು ದಾಟಿತ್ತು. ಇಸ್ತ್ರಿ ಮಾಡಿದ ಅಂಗಿಯ ಕಾಲರು ಸವೆದಿತ್ತು, ಕನ್ನಡಕಕ್ಕೆ ದಾರ ಕಟ್ಟಿತ್ತು. ಇದ್ದ ಕಂಪನಿ ಮುಚ್ಚಿತೆಂದೂ ಆಮೇಲೆ ಎಲ್ಲೂ ದಾರಿಯಾಗಲಿಲ್ಲವೆಂದೂ ಅವರೇ ಹೇಳಿಕೊಂಡರು. ಮಾತಾಡುವಾಗ ಪ್ರತಿ ಉತ್ತರವನ್ನೂ ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡು ನೋಡಿ ಹೊರಗೆ ಬಿಡುತ್ತಿದ್ದರು. ಕೀಲಿಯ ಪ್ರಶ್ನೆಗೆ ಮಾತ್ರ ಹಾಗೆ ಕಾಯಲಿಲ್ಲ. ಅವಧಿಯೊಂದೇ ಸಾಲದು, ಕೀಲಿಗೆ ಅಂಕೆ ಬೇಕು, ಅದನ್ನು ಕೋಣೆಯೇ ನೋಡಬೇಕು ಎಂದು ಮುಖ ಅರಳಿಸಿಕೊಂಡು ಹೇಳಿದರು. ತೂಕಡಿಸಿದ ಸರ್ವರ್ ಕಣ್ಣುಜ್ಜಿಕೊಂಡು ಎದ್ದು ಬರುವುದನ್ನು ಕೂಡ ಹೇಳಿದರು. ಅದು ಅವಳದೇ ಮಾತು.

ಟೀಮ್ ಲೀಡ್ ಹಾಳೆಯ ಮೇಲೆ ಬೆರಳಿಟ್ಟು, ಇಲ್ಲಿ ಹಾಗಿಲ್ಲವಲ್ಲ ಎಂದ.

‘ಹೌದು ಸರ್, ಮೊದಲು ಈ ಹಾಳೇಲಿರೋ ಹಾಗೇ ಇತ್ತು,’ ಎಂದರು ಅವರು. ‘ಈ ಪ್ರಶ್ನೆಗಳೆಲ್ಲ ಉಗ್ರಾಣ ಅಂತ ಒಂದು ಪುಟದವು. ಅದನ್ನ ಬರೆದವರು ಕೊನೇಲಿ ತಿದ್ದಿದ್ರು. ತಪ್ಪಾಯ್ತು, ಕ್ಷಮಿಸಿ ಅಂತ ಬರೆದಿದ್ರು. ಅಷ್ಟು ದೊಡ್ಡವರು ಹಾಗೆ ಬರೆದದ್ದು ನೋಡಿ ನನಗೆ ಅದು ಮರೆತೇ ಇಲ್ಲ.’

ಟೀಮ್ ಲೀಡ್ ಗುಳಿಗೆಯನ್ನು ಆಚೆ ದವಡೆಗೆ ತಳ್ಳಿ ಅವಳ ಕಡೆ ತಿರುಗಿದ. ‘ನೀವು ಈ ಕೆಲಸದಲ್ಲಿ ಹಳಬರು. ಅಂಥ ತಿದ್ದುಪಡಿ ಏನಾದ್ರೂ ಇತ್ತಾ?’

ಹೌದು ಎಂದರೆ ಮುಂದಿನ ಪ್ರಶ್ನೆ ಏನೆಂದು ಅವಳಿಗೆ ಗೊತ್ತಿತ್ತು. ಹಾಗಾದರೆ ನೀವು ನನಗೆ ಯಾಕೆ ತಪ್ಪು ಹೇಳಿದಿರಿ? ಗೊತ್ತಿರಲಿಲ್ಲ ಎಂದರೆ ದಡ್ಡಿ, ಗೊತ್ತಿತ್ತು ಎಂದರೆ ಸುಳ್ಳಿ. ಎದುರಿಗಿದ್ದವರು ಅವಳ ಮುಖವನ್ನೇ ನೋಡುತ್ತಿದ್ದರು, ಭರವಸೆಯಿಂದ, ತಮ್ಮ ವಯಸ್ಸಿನವಳಲ್ಲವೇ ಎಂಬ ಸಲಿಗೆಯಿಂದ. ಅವಳಿಗೆ ನಾಚಿಕೆಯಾಯಿತು, ಭಯವಾಯಿತು, ಭಯವೇ ಹೆಚ್ಚಾಯಿತು.

‘ಇಲ್ಲ,’ ಎಂದಳು. ‘ನನಗೆ ಗೊತ್ತಿದ್ದ ಹಾಗೆ ಅಂಥದ್ದೇನೂ ಇರಲಿಲ್ಲ.’

ಟೀಮ್ ಲೀಡ್ ಆ ಪ್ರಶ್ನೆಯ ಮುಂದೆ ಸೊನ್ನೆ ಬರೆದ. ಅಲ್ಲಿಂದಾಚೆಗೆ ಆ ಮನುಷ್ಯ ಸರಿಯಾಗಿ ಗೊತ್ತಿದ್ದ ಉತ್ತರಗಳನ್ನೂ ಅನುಮಾನಿಸುತ್ತಾ ಹೇಳಿದರು, ಎರಡು ಕಡೆ ಹೇಳಿದ್ದನ್ನೇ ಬದಲಾಯಿಸಿದರು. ಮುಗಿದ ಮೇಲೆ ಅವರನ್ನು ಬಾಗಿಲ ತನಕ ಬಿಟ್ಟುಬರುವುದು ಅವಳ ಪಾಲಿನ ಕೆಲಸ. ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಆ ತಿದ್ದಿದ ಉತ್ತರ ಈಗ ಯಾವ ಪುಟದಲ್ಲೂ ಇರಲಿಲ್ಲ. ಅದರ ಒಂದು ಪ್ರತಿ ಅವಳ ತಲೆಯಲ್ಲಿತ್ತು, ಇನ್ನೊಂದು ಇವರ ತಲೆಯಲ್ಲಿ.

ಅವರೇ ಮಾತಾಡಿದರು. ‘ಬೇಜಾರಿಲ್ಲ ಮೇಡಂ. ನಾನೇ ಎಲ್ಲೋ ತಪ್ಪು ಓದ್ಕೊಂಡಿರ್ತೀನಿ. ಇಷ್ಟು ವರ್ಷ ಅದನ್ನೇ ಸರಿ ಅಂದ್ಕೊಂಡು ಓಡಾಡ್ತಿದ್ದೆ ನೋಡಿ. ಇವತ್ತೇ ತಿದ್ಕೊಂಡು ಬಿಡ್ತೀನಿ.’

‘ಹೂಂ,’ ಎಂದಳು ಅವಳು. ‘ತಿದ್ಕೊಳ್ಳಿ.’