ಒಂದು ಗಂಟೆ ಬಿಟ್ಟು ಬನ್ನಿ

ಕಾಲೇಜಿನ ನೆಲಮಾಳಿಗೆಯಲ್ಲಿ, ಮೆಟ್ಟಿಲ ಕೆಳಗಿನ ಉದ್ದನೆಯ ಕೋಣೆಯಲ್ಲಿ ಅವಳ ಮೇಜು. ಇನ್ನೂರು ಮಂದಿ ಅಧ್ಯಾಪಕರ, ಗುಮಾಸ್ತರ ಇಮೇಲ್‌ಗಳೆಲ್ಲ ಆ ಕೋಣೆಯ ಸರ್ವರ್ ಹಾದೇ ಬರಬೇಕು, ಹೋಗಬೇಕು. ಅದನ್ನು ನೋಡಿಕೊಳ್ಳುವ ಹೆಂಗಸಿಗೆ ಅಂಚೆಯಕ್ಕ ಎಂಬ ಹೆಸರು ಬಿದ್ದು ಎಷ್ಟೋ ವರ್ಷಗಳಾಗಿದ್ದವು. ವೇತನದ ಪಟ್ಟಿಯಲ್ಲಿ ಬಿಟ್ಟರೆ ಅವಳ ನಿಜವಾದ ಹೆಸರು ಬೇರೆಲ್ಲೂ ಉಳಿದಿರಲಿಲ್ಲ.

ಆ ಸರ್ವರ್ ಕಟ್ಟಿದವನು ಅವಳ ಅಣ್ಣ. ಹದಿನಾರು ವರ್ಷಗಳ ಹಿಂದೆ, ಪ್ರಯೋಗಾಲಯದವರು ಬಿಸಾಡಿದ್ದ ಎರಡು ಕಂಪ್ಯೂಟರುಗಳನ್ನು ಒರೆಸಿ, ಯಾರು ಬೇಕಾದರೂ ಒಳಗನ್ನು ಬಿಚ್ಚಿ ನೋಡಬಹುದಾದ ಮುಕ್ತ ತಂತ್ರಾಂಶ ಹಾಕಿ, ಎರಡು ತಿಂಗಳು ಅಲ್ಲೇ ಬೀಡುಬಿಟ್ಟು ಅದನ್ನು ನಿಲ್ಲಿಸಿದ್ದ. ಆಗ ಅವಳು ತಾತ್ಕಾಲಿಕ ಸಹಾಯಕಿ. ಒಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ಕಲಿತಳು. ಮೊದಲ ಕೆಲವು ವಾರ ಹೊರಗಿನ ದೊಡ್ಡ ಸರ್ವರ್‌ಗಳು ಇವರ ಪತ್ರಗಳನ್ನು ಮೂಸಿಯೂ ನೋಡಲಿಲ್ಲ.

"ಹೊಸಬರನ್ನ ಯಾರು ನಂಬ್ತಾರೆ ಹೇಳು?" ಎಂದಿದ್ದ ಅಣ್ಣ. "ದಿನಾ ಸರಿಯಾಗಿ ನಡ್ಕೋಬೇಕು ಅಷ್ಟೆ. ಒಂದು ದಿನ ಒಳಗೆ ಬಿಟ್ಕೋತಾರೆ."

ಅವನು ಕಲಿಸಿದ ನಿಯಮಗಳು ಮೂರು. ಲಕೋಟೆ ನೋಡು, ಕಾಗದ ನೋಡಬೇಡ. ಯಾರಿಂದ, ಯಾರಿಗೆ, ಎಷ್ಟು ಹೊತ್ತಿಗೆ ಎಂಬುದಷ್ಟೇ ನಮಗೆ ಬೇಕಾದದ್ದು. ಎರಡನೆಯದು, ಪೆಟ್ಟಿಗೆಗೆ ಬೀಳುವ ತನಕ ಕಾಗದ ಬರೆದವನದು, ತಿರುಗಿ ಹೋದರೂ ಬರೆದವನದೇ. ಮೂರನೆಯದು, ಸರ್ವರ್ ನೋಡಿಕೊಳ್ಳುವವರಿಗೆಂದೇ ಇರುವ ಅಂಚೆಪಾಲಕರ ವಿಳಾಸಕ್ಕೆ ಬಂದ ದೂರಿಗೆ ಅದೇ ದಿನ ಉತ್ತರ ಹೋಗಬೇಕು. ಆ ವಿಳಾಸಕ್ಕೆ ಬರುವ ಪತ್ರವನ್ನು ಯಾವ ತಪಾಸಣೆಯೂ ತಡೆಯದಂತೆ ಅವನು ಏರ್ಪಾಡು ಮಾಡಿದ್ದ. "ಮುಂಬಾಗಿಲು ಕೆಟ್ಟು ನಿಂತಾಗ ಕೂಗಿ ಹೇಳೋಕೆ ಒಂದು ಕಿಟಕಿ ಬೇಕಲ್ಲಮ್ಮ."

ಈ ನಿಯಮಗಳನ್ನು ಮುರಿದವನೂ ಅವನೇ. ಏಳು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಪ್ರಾಂಶುಪಾಲರ ಪತ್ರವೊಂದು ಸರದಿಯಲ್ಲಿ ಸಿಕ್ಕಿಕೊಂಡಿತು. ಅದನ್ನು ಬಿಡಿಸಲು ಹೋದವನ ಕಣ್ಣಿಗೆ ವಿಷಯದ ಸಾಲಿನಲ್ಲಿ ತಂಗಿಯ ಹೆಸರು ಬಿತ್ತು. ಕೈ ತಡೆಯಲಿಲ್ಲ, ತೆರೆದು ಓದಿದ. ತಾತ್ಕಾಲಿಕ ಹುದ್ದೆಗಳಲ್ಲಿ ಅವಳದನ್ನು ಕೈಬಿಡುವ ಸಲಹೆ ಅದು. ಸಂಜೆ ಅವಳಿಗೆ ಹೇಳಿದ. ಮರುದಿನ ಅವಳು ಪ್ರಾಂಶುಪಾಲರೆದುರು ನಿಂತು ನ್ಯಾಯ ಕೇಳಿದಳು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಇದು ನಿಮಗೆ ಹೇಗೆ ಗೊತ್ತಾಯ್ತು?"

ಸುಳ್ಳು ಹೇಳಬಹುದಿತ್ತು. ಅವಳ ಬಾಯಿಂದ ನಿಜವೇ ಬಂತು. ವಾರದೊಳಗೆ ಅಣ್ಣ ಕೆಲಸ ಬಿಟ್ಟ. ಸರ್ವರ್ ಬಲ್ಲವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ಅವನ ಕುರ್ಚಿ ಅವಳಿಗೇ ಬಂತು, ಕಾಯಂ ಆಗಿ. ಬೀಗದ ಕೈ ಮೇಜಿನ ಮೇಲಿಟ್ಟು ಅವನು, "ನಾನು ಕಲಿಸಿದ್ದನ್ನೇ ನೀನು ಮಾಡಿದೆ, ಬಿಡು" ಎಂದ. ಅದು ಹೊಗಳಿಕೆಯೋ ಚುಚ್ಚುಮಾತೋ ಅವಳಿಗೆ ಇವತ್ತಿಗೂ ಬಗೆಹರಿದಿಲ್ಲ. ಆಮೇಲೆ ಇಬ್ಬರ ನಡುವೆ ಮಾತು ನಿಂತುಹೋಯಿತು. ಅವಳು ಎರಡು ಸಲ ಅವನ ಬಾಡಿಗೆ ಮನೆಗೆ ಹೋದಳು. ಒಮ್ಮೆ ಬೀಗ, ಇನ್ನೊಮ್ಮೆ ಬೇರೆ ಸಂಸಾರ.

ಎರಡು ವರ್ಷಗಳ ಹಿಂದೆ ಕಾಲೇಜಿಗೆ ಖೋಟಾ ಪತ್ರಗಳ ಕಾಟ ಹತ್ತಿತು. ಅಧ್ಯಾಪಕರೊಬ್ಬರು ಮೋಸಹೋದರು, ಪ್ರಾಂಶುಪಾಲರು ಅವಳನ್ನು ಕರೆದು ಗದರಿದರು. ಅಣ್ಣ ಇಟ್ಟುಹೋಗಿದ್ದ ಒಂದು ತಪಾಸಣೆ ಇತ್ತು: ಹೊಸ ವಿಳಾಸದಿಂದ ಬಂದವರಿಗೆ ಸರ್ವರ್ "ಸ್ವಲ್ಪ ಬಿಟ್ಟು ಬನ್ನಿ" ಎನ್ನುತ್ತದೆ. ಪ್ರಾಮಾಣಿಕ ಸರ್ವರ್ ಮತ್ತೆ ಬರುತ್ತದೆ. ಕಳ್ಳರಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಕಾಗದವನ್ನು ಒಳಗೆ ತೆಗೆದುಕೊಳ್ಳುವ ಮೊದಲೇ, ಲಕೋಟೆಯ ಮಟ್ಟದಲ್ಲೇ ಈ ಮಾತು ಮುಗಿಯುತ್ತದೆ. ಅಣ್ಣ ಇಟ್ಟದ್ದು ಐದು ನಿಮಿಷ. ಅವಳು ಅದನ್ನು ಒಂದು ಗಂಟೆ ಮಾಡಿದಳು. ನಾಲ್ಕು ತಾಸಿನೊಳಗೆ ಮರಳದವರ ನೆನಪನ್ನೇ ಅಳಿಸುವಂತೆ ಮಾಡಿದಳು. ಕಸ ಬಂದು ಬೀಳುತ್ತಿದ್ದ ಅಂಚೆಪಾಲಕರ ಕಿಟಕಿಯನ್ನೂ ಮುಚ್ಚಿ, ಅಲ್ಲಿಗೆ ಬರುವವರನ್ನೂ ಇದೇ ತಪಾಸಣೆಗೆ ಸೇರಿಸಿದಳು. ಕಾಟ ನಿಂತಿತು.

"ಅಂಚೆಯಕ್ಕನ ಬಾಗಿಲಿಗೆ ಯಮ ಬಂದ್ರೂ ಒಂದು ಗಂಟೆ ಕಾಯ್ಬೇಕು" ಎಂದು ಗೇಟಿನ ಕಾವಲುಗಾರ ಎಲ್ಲರೆದುರು ನಗಾಡುತ್ತಿದ್ದ. ಅವಳೂ ನಗುತ್ತಿದ್ದಳು. ಯಾರು ಬಂದರು, ಯಾರನ್ನು ಕಾಯಿಸಿತು ಎಂದು ಸರ್ವರ್ ಬರೆದಿಡುವ ದಿನಚರಿ ಕಡತವನ್ನು ಬೆಳಿಗ್ಗೆ ಸಾಲುಸಾಲಾಗಿ ಓದುವ ಅಭ್ಯಾಸ ಇತ್ತು. ಕಾಯಿಸಿದವರ ಪಟ್ಟಿ ಸಾವಿರ ದಾಟಿದ ಮೇಲೆ ಮೊತ್ತವನ್ನಷ್ಟೇ ನೋಡತೊಡಗಿದಳು.

ಆ ಕಾವಲುಗಾರನೇ ಒಂದು ಬೆಳಿಗ್ಗೆ ಹೆಂಗಸೊಬ್ಬಳನ್ನು ನೆಲಮಾಳಿಗೆಗೆ ಕರೆತಂದ. ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಪುಟ್ಟ ಕಂಪ್ಯೂಟರ್. ಶ್ವಾಸಕೋಶದ ಆಸ್ಪತ್ರೆಯ ನರ್ಸ್ ಅವಳು.

"ನಿಮ್ಮ ಅಣ್ಣನವರು ಹೋಗಿ ಹನ್ನೆರಡು ದಿನ ಆಯ್ತಮ್ಮ" ಎಂದಳು. "ಯಾರೂ ಇಲ್ಲ ಅಂತ ಬರೆಸಿದ್ರು. ಇದರ ತಳದಲ್ಲಿ ಈ ಕಾಲೇಜಿನ ಚೀಟಿ ಇತ್ತು. ಅದಕ್ಕೇ ತಗೊಂಡು ಬಂದೆ. ಗೇಟಲ್ಲಿ ಕೇಳಿದ್ರೆ ತಂಗಿ ನೀವೇ ಅಂದ್ರು."

ಅಂಚೆಯಕ್ಕ ಕುರ್ಚಿಯ ಕೈ ಹಿಡಿದುಕೊಂಡಳು. ಅವಳು ಕೇಳಿದ್ದು, "ಒಂದು ಫೋನ್ ಮಾಡಬಾರದಿತ್ತಾ ಅವನು?"

"ನಾನೂ ಅದನ್ನೇ ಅಂದೆ. ಎರಡು ಮಾತಿಗೆ ಉಸಿರು ಸಿಕ್ಕಿಕೊಳ್ತಿತ್ತು. ಬೈಯೋಕೂ ಆಗಲ್ಲ, ಅಳೋಕೂ ಆಗಲ್ಲ, ಬರೀತೀನಿ ಸಿಸ್ಟರ್ ಅಂದ್ರು. ನನ್ನ ಫೋನಿಂದ ಕಳಿಸ್ತೀನಿ ಅಂದ್ರೆ ಸಿಟ್ಟು! ಇದೇ ಅವರ ಸ್ವಂತ ಸರ್ವರ್ ಅಂತೆ, ಸ್ವಂತ ಬಾಗಿಲಿಂದ ಹೊರಡದ ಕಾಗದ ಕಾಗದವೇ ಅಲ್ವಂತೆ. ಇದರ ಗೊರಗೊರಕ್ಕೆ ಪಕ್ಕದ ಹಾಸಿಗೆಯವರು ರೇಗ್ತಿದ್ರು. ಡಾಕ್ಟರ ಕಾಲು ಹಿಡಿದು ದಿನಕ್ಕೆ ಅರ್ಧ ಗಂಟೆ ಕರೆಂಟು ಕೊಡಿಸಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ."

"ಅರ್ಧ ಗಂಟೆ," ಎಂದಳು ಅಂಚೆಯಕ್ಕ.

"ಹೂಂ ಕಣಮ್ಮ. ದಿನಾ ಇದರ ದೀಪ ನೋಡ್ತಾ ಕೂರೋರು. ನಾನು ಪ್ಲಗ್ ಕಿತ್ತಾಗ, ಇವತ್ತೂ ತಂಗಿ ಬಾಗಿಲು ತೆಗೀಲಿಲ್ಲ ಸಿಸ್ಟರ್ ಅಂತಿದ್ರು."

ಅವಳು ಕಡತ ತೆರೆದು ಹುಡುಕಿದಳು. ಎಲ್ಲವೂ ಅಲ್ಲೇ ಇತ್ತು. ಐದು ಬೆಳಿಗ್ಗೆ, ಒಂಬತ್ತರಿಂದ ಒಂಬತ್ತೂವರೆಯೊಳಗೆ ಮೂರು ನಾಲ್ಕು ಸಲ, ಅಣ್ಣನ ಸರ್ವರಿನಿಂದ ಅವಳ ಹೆಸರಿಗೆ. ಪ್ರತಿ ಸಾಲಿನ ಕೊನೆಗೂ ಒಂದೇ ಉತ್ತರ: ಒಂದು ಗಂಟೆ ಬಿಟ್ಟು ಬನ್ನಿ. ಮರುದಿನ ಮತ್ತೆ ಬಂದಾಗ ಹಿಂದಿನ ದಿನದ ನೆನಪು ಅಳಿಸಿ, ಅವನು ಮತ್ತೆ ಹೊಸಬ. ಐದು ದಿನ ಅಲೆದು ಕೈಚೆಲ್ಲುವುದು ಸರ್ವರ್‌ಗಳ ವಾಡಿಕೆ. ಕಾಗದ ಬರೆದವನಿಗೇ ವಾಪಸ್ಸು. ಮತ್ತೆ ಐದು ಬೆಳಿಗ್ಗೆ, ಎರಡನೆಯ ಕಾಗದ. ಆಮೇಲೆ ಮೂರು ಬೆಳಿಗ್ಗೆ ಮಾತ್ರ, ಮೂರನೆಯದು. ಅದು ಅವಳ ಹೆಸರಿಗಲ್ಲ, ಅಂಚೆಪಾಲಕರ ವಿಳಾಸಕ್ಕೆ. ತಾನು ತೆರೆದಿಟ್ಟುಹೋಗಿದ್ದ ಕಿಟಕಿಯ ಬಳಿ ಬಂದು ಕೂಗಿದ್ದ. ನಾಲ್ಕನೆಯ ಬೆಳಿಗ್ಗೆ ಇರಲಿಲ್ಲ.

ಅವಳು ಅಣ್ಣನ ಸರ್ವರಿಗೆ ವಿನಾಯಿತಿ ಬರೆದು, ಪುಟ್ಟ ಕಂಪ್ಯೂಟರನ್ನು ಮೇಜಿನ ಮೇಲಿಟ್ಟು ತಂತಿ ಸಿಕ್ಕಿಸಿದಳು. ಅದು ಗೊರಗೊರ ಎಂದು ಎದ್ದಿತು. ಸರದಿಯಲ್ಲಿ ಉಳಿದಿದ್ದ ಕಾಗದವನ್ನು ಅಂಥ ಸರ್ವರ್ ಕೈಬಿಡುವ ಮುನ್ನ ಕೊನೆಯದಾಗಿ ಒಂದು ಸಲ ಕಳಿಸಿ ನೋಡುತ್ತದೆಂದು ಅವಳಿಗೆ ಗೊತ್ತಿತ್ತು. ನಿಮಿಷದೊಳಗೆ ಪತ್ರ ಬಂತು.

"ಅಂಚೆಪಾಲಕರ ಗಮನಕ್ಕೆ. ನಿಮ್ಮ ಸರ್ವರ್ ಹೊಸಬರನ್ನು ಒಂದು ಗಂಟೆ ಕಾಯಿಸುತ್ತಿದೆ. ಐದು ನಿಮಿಷ ಸಾಕು. ಎಲ್ಲರ ಬಳಿಯೂ ಒಂದು ಗಂಟೆ ಇರುವುದಿಲ್ಲ. ನಿಮ್ಮಲ್ಲಿರುವ ನನ್ನ ತಂಗಿಗೆ ಬರೆದ ಎರಡು ಕಾಗದಗಳು ವಾಪಸ್ಸು ಬಂದಿವೆ. ಸರಿಪಡಿಸಿ ತಿಳಿಸಿದರೆ ಮತ್ತೆ ಕಳಿಸುತ್ತೇನೆ."

ನರ್ಸ್ ಕಣ್ಣೊರೆಸಿಕೊಂಡಳು. "ಆ ಎರಡೂ ಇದರೊಳಗೇ ಇರ್ತಾವಲ್ಲಮ್ಮ?"

"ಇವೆ. ಬಿಚ್ಚಿದ್ರೆ ಹತ್ತು ನಿಮಿಷದ ಕೆಲಸ."

"ಮತ್ತೆ ನೋಡಿ! ನಿಮಗೇ ಬರೆದಿದ್ದಲ್ವಾ?"

ಅಂಚೆಯಕ್ಕನ ಕೈ ಕೀಲಿಮಣೆಯವರೆಗೆ ಹೋಗಿ ನಿಂತಿತು. ಕ್ಷಮಿಸಿದ್ದೇನೆ ಎಂದಿದ್ದನೋ, ಕ್ಷಮಿಸಲಾರೆ ಎಂದಿದ್ದನೋ, ಏಳು ವರ್ಷ ಅವಳು ಕಾದ ಮಾತು ಒಂದು ಗೇಣು ದೂರದಲ್ಲಿತ್ತು.

"ನನ್ನ ಪೆಟ್ಟಿಗೆಗೆ ಬೀಳಲಿಲ್ಲ ಸಿಸ್ಟರ್. ವಾಪಸ್ಸು ಹೋದದ್ದು ಅವನದು" ಎಂದಳು. "ಇವತ್ತು ನಾನೂ ತೆಗೆದು ಓದಿದ್ರೆ, ಅವತ್ತು ಅವನನ್ನ ಯಾಕೆ ಹಿಡಿದುಕೊಟ್ಟೆ?"

ನರ್ಸ್ ಟವೆಲು ಮಡಚಿಕೊಂಡು ಎದ್ದು ಹೋದಳು. ಅಂಚೆಯಕ್ಕ ಒಂದು ಗಂಟೆಯನ್ನು ಐದು ನಿಮಿಷಕ್ಕೆ ಇಳಿಸಿದಳು, ಕಿಟಕಿ ತೆರೆದಳು. ಅಣ್ಣನ ವಿಳಾಸಕ್ಕೆ ಹೋಗುವ ದಾರಿಯನ್ನು ಮೇಜಿನ ಮೇಲಿನ ಕಂಪ್ಯೂಟರಿನತ್ತ ತಿರುಗಿಸಿದಳು. ದೂರಿಗೆ ಅದೇ ದಿನ ಉತ್ತರ ಹೋಗಬೇಕಿತ್ತು.

"ತಪ್ಪು ನಮ್ಮದು. ಸರಿಪಡಿಸಲಾಗಿದೆ. ದಯವಿಟ್ಟು ಎರಡೂ ಕಾಗದಗಳನ್ನು ಮತ್ತೆ ಕಳಿಸಿ" ಎಂದು ಬರೆದು, ಕೆಳಗೆ ಅಂಚೆಪಾಲಕಿ ಎಂದು ಸಹಿ ಹಾಕಿದಳು.

ಅಣ್ಣನ ಸರ್ವರ್ ಅದನ್ನು ಒಂದು ಕ್ಷಣವೂ ಕಾಯಿಸದೆ ಒಳಗೆ ತೆಗೆದುಕೊಂಡಿತು. ಅದು ಇವತ್ತಿಗೂ ಅವಳ ಮೇಜಿನ ಮೇಲೆ ಗೊರಗೊರ ಎನ್ನುತ್ತಿದೆ. ಅವಳು ಅದರ ಪ್ಲಗ್ ಕಿತ್ತಿಲ್ಲ.