ಹಿತ್ತಾಳೆ ಹಿಡಿಕೆಯ ಗೆರೆಗಳು

ಮೇಸ್ತ್ರಿ ಎಂದರೆ ಇಡೀ ಬೀದಿಗೆ ಗೊತ್ತು. ಮೂವತ್ತನಾಲ್ಕು ವರ್ಷ ಕಾರ್ಖಾನೆಯಲ್ಲಿ ಲೋಹ ಕಡೆಯುವ ದೊಡ್ಡ ಲೇಥಿನ ಮುಂದೆ ನಿಂತು ಕಬ್ಬಿಣದ ಸರಳುಗಳನ್ನು ಸೌತೆಕಾಯಿ ಹೆಚ್ಚಿದ ಹಾಗೆ ಹೆಚ್ಚಿ ಹಾಕಿದವರು. ತುಂಡರಿಸುವ ಕೆಲಸದಲ್ಲಿ ಅವರದು ಎತ್ತಿದ ಕೈ ಎಂದು ಶೆಡ್ಡಿನವರೆಲ್ಲ ಹೇಳುತ್ತಿದ್ದರು. ಬೇರೆಯವರು ಹೇಳಲು ಮರೆತ ದಿನ ಅವರೇ ನೆನಪಿಸುತ್ತಿದ್ದರು. ನಿವೃತ್ತರಾದ ಮೇಲೆ ಸುಮ್ಮನೆ ಕೂರಲಾರದೆ ಹಿಂದಿನ ಕೋಣೆಯ ಕಿಟಕಿಯ ಬಳಿ ಪುಟ್ಟದೊಂದು ಲೇಥ್ ತಂದಿಟ್ಟುಕೊಂಡರು. ಹೆಂಡತಿ ಅದನ್ನು ನೋಡಿ, ಇದಕ್ಕೊಂದು ತೊಟ್ಟಿಲೂ ತರಬೇಕಿತ್ತಲ್ಲ ಎಂದರು.

ಆ ಪುಟಾಣಿ ಯಂತ್ರ ಮೇಸ್ತ್ರಿಯ ಮಾನ ಕಳೆಯಿತು. ಉಳಿದೆಲ್ಲ ಕೆಲಸ ಚೆನ್ನಾಗಿಯೇ ಮಾಡುತ್ತಿತ್ತು. ಆದರೆ ಸರಳಿನಿಂದ ತುಂಡು ಬೇರ್ಪಡಿಸಲು ತೆಳ್ಳನೆಯ ಬ್ಲೇಡು ತಾಗಿಸಿದ ಕೂಡಲೇ ಮೈಯೆಲ್ಲ ನಡುಗಿಸಿ ಕಿರ್ರೆಂದು ಕೂಗಿಕೊಳ್ಳುತ್ತಿತ್ತು. ದೊಡ್ಡ ಯಂತ್ರಕ್ಕೆ ಒಗ್ಗಿದ ಕೈ ಒತ್ತಿದ್ದು ಜಾಸ್ತಿಯಾಗಿ ಎರಡು ಬ್ಲೇಡು ಮುರಿದವು. ಮೂರನೆಯದರ ಹೊತ್ತಿಗೆ ಮೇಸ್ತ್ರಿಗೆ ಭಯ ಹತ್ತಿತ್ತು. ಕೂಗಿದರೆ ಹಿಂದಕ್ಕೆ ಎಳೆಯುವುದು, ಸುಮ್ಮನಾದರೆ ಮತ್ತೆ ತಾಗಿಸುವುದು, ಕೊನೆಗೆ ಬಾಗಿಲು ಹಾಕಿಕೊಂಡು ಉಳಿದರ್ಧವನ್ನು ಕೈಗರಗಸದಿಂದ ಕೊಯ್ಯುವುದು. ಲೇಥ್ ನಡೆಸುವ ಟರ್ನರ್ ಆದವನಿಗೆ ಇದಕ್ಕಿಂತ ನಾಚಿಕೆಯ ಕೆಲಸವಿಲ್ಲ. ಗರಗಸದ ಸದ್ದು ಗೋಡೆಯಾಚೆ ಹೆಂಡತಿಗೆ ಕೇಳಿಸುತ್ತದೆ ಎಂಬುದು ಮಾತ್ರ ಅವರಿಗೆ ಹೊಳೆಯಲೇ ಇಲ್ಲ.

ಹೆಂಡತಿ ಹೊಲಿಗೆಯಲ್ಲಿ ಪಳಗಿದವರು. ಮನೆಯವರ ಬಟ್ಟೆಯೆಲ್ಲ ಹುಟ್ಟಿದ್ದು ಅವರ ಹಳೆಯ, ಕೈಯಲ್ಲಿ ತಿರುಗಿಸುವ ಯಂತ್ರದಲ್ಲಿ. ಹೋದ ವರ್ಷ ಕಾಯಿಲೆ ಬಿದ್ದು ಎದ್ದ ಮೇಲೆ ಬಲಗೈ ಬೆರಳುಗಳು ಮರಗಟ್ಟಿದವು. ಶಕ್ತಿ ಮರಳಿತು, ಸ್ಪರ್ಶ ಮರಳಲಿಲ್ಲ. ಯಂತ್ರದ ಮರದ ಹಿಡಿಕೆ ಸವೆದು ನುಣ್ಣಗಾಗಿತ್ತು; ಕೈ ಹಿಡಿದಿದೆಯೋ, ಜಾರಿತೋ ತಿಳಿಯದೆ ಎರಡು ಸಲ ಹೊಲಿಗೆ ಕೆಟ್ಟಿತು. ಅವರು ಯಂತ್ರಕ್ಕೆ ಬಟ್ಟೆ ಹೊದಿಸಿಬಿಟ್ಟರು. ಆ ಹೊದಿಕೆಯನ್ನು ನೋಡಲಾರದೆ ಮೇಸ್ತ್ರಿ, ದಪ್ಪನೆಯ ಹಿತ್ತಾಳೆ ಹಿಡಿಕೆ ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟರು. ಹಿತ್ತಾಳೆಯೂ ಅಂಥಿಂಥದ್ದಲ್ಲ. ಅವರ ದೊಡ್ಡ ಲೇಥನ್ನು ಗುಜರಿಗೆ ಹಾಕಿದ ದಿನ ಶೆಡ್ಡಿನವರು ಅದರಿಂದಲೇ ಕಳಚಿ ಕೊಟ್ಟದ್ದು. ಇದ್ದದ್ದು ಒಂದೇ ತುಂಡು, ಕೆಟ್ಟರೆ ಇನ್ನೊಂದಿಲ್ಲ.

ಹಿಡಿಕೆಯ ಮೈ ಕನ್ನಡಿಯಂತೆ ಬಂತು. ಒಂದು ತುದಿಯಲ್ಲಿ ಯಂತ್ರಕ್ಕೆ ಕೂರುವ ತೂತೂ ಆಯಿತು. ಸರಳಿನಿಂದ ಬೇರ್ಪಡಿಸುವುದೊಂದೇ ಬಾಕಿ. ಮೇಸ್ತ್ರಿ ಅದನ್ನು ವಾರವಿಡೀ ಲೇಥಿನಲ್ಲೇ ಬಿಟ್ಟು, ಸುತ್ತ ಗುಡಿಸಿದರು, ಎಣ್ಣೆ ಹಾಕಿದರು, ಮತ್ತೆ ಗುಡಿಸಿದರು. ಗುಡಿಸುತ್ತಲೇ ಒಂದು ಯೋಚನೆ ಬಂದು ಕೂತಿತು: ಇಷ್ಟು ವರ್ಷ ತನ್ನ ಕೈಚಳಕ ಎಂದುಕೊಂಡದ್ದರಲ್ಲಿ ಅರ್ಧ ಆ ದೊಡ್ಡ ಯಂತ್ರದ ಅಲುಗದ ಭಾರವೇ ಆಗಿತ್ತೇನೋ. ಈ ವಯಸ್ಸಿನಲ್ಲಿ ಅಂಥ ಲೆಕ್ಕ ಹಾಕುವುದು ಸುಲಭವಲ್ಲ.

ಎಂಟನೆಯ ದಿನ ಬೆಳಿಗ್ಗೆ ಮನಸ್ಸು ಗಟ್ಟಿ ಮಾಡಿಕೊಂಡು ಬ್ಲೇಡು ತಾಗಿಸಿದರು. ಕಿರ್ರೆಂದಿತು. ಹಿಂದಕ್ಕೆ ಎಳೆದರು. ಮತ್ತೆ ತಾಗಿಸಿದರು, ಮತ್ತೆ ಕೂಗಿತು. ಕೈ ತಾನಾಗಿ ಗರಗಸದ ಕಡೆ ಹೋಯಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಹೆಂಡತಿ.

“ರೀ, ದಪ್ಪ ಬಟ್ಟೆ ಹೊಲಿಯುವಾಗ ಹೆದರ್ಕೊಂಡು ನಿಲ್ಲಿಸಿ ನಿಲ್ಲಿಸಿ ತಿರುಗಿಸಿದ್ರೇನೇ ಸೂಜಿ ಮುರಿಯೋದು. ನಿಧಾನ ಆಗ್ಲಿ, ನಿಲ್ಲಿಸಬೇಡಿ.”

ಇದು ಹಿತ್ತಾಳೆ, ಪ್ಯಾಂಟಲ್ಲ ಎಂದು ಮೇಸ್ತ್ರಿ ಗೊಣಗಿದರು. ಆದರೆ ಗರಗಸದತ್ತ ಹೋದ ಕೈಯನ್ನು ಆಕೆ ನೋಡಿಯಾಗಿತ್ತು. ಇನ್ನು ಉಳಿಸಿಕೊಳ್ಳಲು ಮಾನವೇನೂ ಇರಲಿಲ್ಲ. ಉದ್ದಕ್ಕೆ ಹೊರಚಾಚಿದ್ದ ಬ್ಲೇಡನ್ನು ಒಳಕ್ಕೆ ತಳ್ಳಿ, ಬೇಕಾದಷ್ಟೇ ಬಿಟ್ಟು ಬಿಗಿದರು. ವೇಗ ಇಳಿಸಿದರು. ಹಲ್ಲು ಕಚ್ಚಿಕೊಂಡು ಬ್ಲೇಡನ್ನು ಒಂದೇ ಸಮನೆ ಒಳಗೆ ನಡೆಸಿದರು. ಯಂತ್ರ ಒಮ್ಮೆ ಕೂಗಿತು, ಆದರೆ ಕೈ ನಿಲ್ಲಲಿಲ್ಲ. ಕೂಗು ಅಡಗಿ ಹಿತ್ತಾಳೆಯ ಪುಡಿ ಸುರಿಯತೊಡಗಿತು. ಟಣ್ಣೆಂದು ಹಿಡಿಕೆ ತಟ್ಟೆಗೆ ಬಿತ್ತು.

ಎತ್ತಿ ನೋಡಿದ ಮೇಸ್ತ್ರಿಯ ಮುಖ ಸಪ್ಪಗಾಯಿತು. ಕತ್ತರಿಸಿದ ತುದಿಯ ಅಂಚಿನ ಸುತ್ತ, ಅವರು ಹೆದರಿ ಬ್ಲೇಡು ಹಿಂದೆಳೆದ ಕಡೆಯಲ್ಲೆಲ್ಲ, ಒರಟು ಗೆರೆಗಳು ಎದ್ದಿದ್ದವು. ಕಾರ್ಖಾನೆಯಲ್ಲಾದರೆ ಇಂಥದ್ದನ್ನು ಮುಖಕ್ಕೆ ಎಸೆಯುತ್ತಿದ್ದರು. ಎರಡು ನಿಮಿಷ ಕೊಡು, ಉಜ್ಜಿ ನುಣ್ಣಗೆ ಮಾಡುತ್ತೇನೆ ಎಂದು ಉಪ್ಪುಕಾಗದ ಹುಡುಕಿದರು.

ಅಷ್ಟರಲ್ಲಿ ಹಿಡಿಕೆ ಹೆಂಡತಿಯ ಬಲಗೈಯಲ್ಲಿತ್ತು. ಹೆಬ್ಬೆರಳನ್ನು ಆ ಗೆರೆಗಳ ಮೇಲೆ ಒತ್ತಿ ಎಳೆದರು. ಕಣ್ಣು ಮುಚ್ಚಿ ಇನ್ನೊಮ್ಮೆ ಎಳೆದರು.

“ಇದು ಗೊತ್ತಾಗ್ತಿದೆ ರೀ,” ಎಂದರು. “ಉಜ್ಜಬೇಡಿ.”

ಮೇಸ್ತ್ರಿ ಉಪ್ಪುಕಾಗದವನ್ನು ಇದ್ದಲ್ಲಿಯೇ ಇಟ್ಟು, ಪಕ್ಕದ ಕೋಣೆಗೆ ಹೋಗಿ, ಹೊಲಿಗೆ ಯಂತ್ರದ ಮೇಲಿನ ಬಟ್ಟೆ ತೆಗೆದು ಮಡಿಸಿಟ್ಟರು.