ಅತ್ತೆಯ ಕಾಡಿಗೆಯಲ್ಲಿ ಸೀಸವಿರಲಿಲ್ಲ

ಅತ್ತೆ, ನಿಮ್ಮ ಕಾಡಿಗೆಯಲ್ಲಿ ಸೀಸವಿರಲಿಲ್ಲ. ಮಗುವಿನ ರಕ್ತಕ್ಕೆ ಸೀಸ ಸೇರಿದ್ದು ನನ್ನಿಂದ. ಅದು ನನಗೆ ಅಂದೇ ಗೊತ್ತಿತ್ತು — ಗೊತ್ತಿದ್ದೂ ಏಳು ವರ್ಷ ಬಾಯಿ ಬಿಡಲಿಲ್ಲ. ಈಗ ಕೇಳಿಸಿಕೊಳ್ಳಲು ನೀವಿಲ್ಲ. ನೀವಿಲ್ಲದ ಮೇಲೆ ಹೇಳುವ ಧೈರ್ಯ ಬಂದಿದೆ. ನಿಮ್ಮ ಅಳಿಯ ಎಂಥ ಶೂರ ನೋಡಿ.

ಸ್ವೀಡನ್ನಿನ ಗೋಥೆನ್‌ಬರ್ಗ್‌ಗೆ ಬಂದ ಹೊಸದರಲ್ಲಿ ಆಫೀಸಿನ ಗೆಳೆಯನೊಬ್ಬ ನನ್ನನ್ನು ಶೂಟಿಂಗ್ ಕ್ಲಬ್ಬಿಗೆ ಕರೆದೊಯ್ದ. ಅಲ್ಲಿ ಹಳೆಯ ಕಾಲದ ಬಂದೂಕುಗಳಿಂದ ಗುರಿ ಹೊಡೆಯುವವರ ಸಣ್ಣ ಗುಂಪಿತ್ತು. ಗುಂಡುಗಳನ್ನೂ ಅವರೇ ಎರಕ ಹೊಯ್ದುಕೊಳ್ಳುತ್ತಿದ್ದರು. ದಿನವಿಡೀ ಲಿಂಡ್‌ಹೋಲ್ಮೆನ್‌ನ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು, ಕೈಗೆ ಸಿಗದ ಕೆಲಸವನ್ನೇ ಮಾಡುತ್ತಿದ್ದ ನನಗೆ ಅದರ ಹುಚ್ಚು ಹಿಡಿಯಿತು. ಸೀಸದ ಚೂರು ಕರಗಿಸುವುದು, ಮೇಲಿನ ಕಿಟ್ಟ ತೆಗೆಯುವುದು, ಅಚ್ಚಿಗೆ ಹೊಯ್ಯುವುದು — ಅಚ್ಚು ತೆರೆದರೆ ಬೆಳ್ಳಿಯ ಹಾಗೆ ಹೊಳೆಯುವ ಗುಂಡು ಟಪ್ಪನೆ ಬೀಳುತ್ತಿತ್ತು.

ನಿಮ್ಮ ಮಗಳು ವೀಣಾ ಒಂದೇ ಮಾತು ಹೇಳಿದ್ದಳು: “ಏನ್ ಬೇಕಾದ್ರೂ ಮಾಡ್ಕೋ, ಮನೇಲಿ ಮಾತ್ರ ಬೇಡ. ಮಗು ಇದೆ.” ಆಯಿತು ಎಂದಿದ್ದೆ. ಆದರೆ ಕ್ಲಬ್ಬು ದೂರ, ಟ್ರಾಮ್ ಇಳಿದು ಮತ್ತೆ ಬಸ್ಸು ಹಿಡಿಯಬೇಕು... ಅವಳು ಆಫೀಸಿಗೆ, ಮಗು ದಾಗಿಸ್‌ಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ, ಹೋದ ದಿನಗಳಲ್ಲಿ, ಮನೆಯಿಂದಲೇ ಕೆಲಸ ಎಂದು ಹೇಳಿ ಬಟ್ಟೆ ಒಗೆಯುವ ಕೋಣೆಯಲ್ಲಿ ಸೀಸ ಕರಗಿಸಿದೆ. ಒಂದು ದಿನವಲ್ಲ, ಇಡೀ ಚಳಿಗಾಲ. ಮೆಷಿನ್ನಿನೊಳಗೆ ತಿರುಗುವ ಬಟ್ಟೆ ನೋಡುವುದೆಂದರೆ ಮಗುವಿಗೆ ಪ್ರಾಣ. ಸಂಜೆ ಅದೇ ನೆಲದ ಮೇಲೆ ಕೂತು ಬೆರಳು ಚೀಪುತ್ತಿದ್ದಳು.

ಮಗು ಊಟ ಬಿಟ್ಟಳು, ಹೊಟ್ಟೆ ಹಿಡಿದು ಅತ್ತಳು. ರಕ್ತ ಪರೀಕ್ಷೆ ಮಾಡಿದರೆ ಸೀಸ. ಮನೆಯಲ್ಲಿ ಊರಿನ ಕಾಡಿಗೆ, ಮಸಾಲೆ, ಪಾತ್ರೆ ಏನಾದರೂ ಬಳಸುತ್ತೀರಾ ಎಂದು ನರ್ಸ್ ಕೇಳಿದರು. ಕೆಲವು ಕಾಡಿಗೆಗಳಲ್ಲಿ ಸೀಸ ಇರುತ್ತದಂತೆ. ಯಾರಿಗಾದರೂ ಸೀಸದ ಕೆಲಸವೋ ಹವ್ಯಾಸವೋ ಇದೆಯೇ ಎಂದೂ ಕೇಳಿದರು. ವೀಣಾ ನನ್ನ ಕಡೆ ತಿರುಗಿದಳು. “ಕ್ಲಬ್ಬಲ್ಲಿ ಮಾತ್ರ,” ಎಂದೆ, “ಮನೇಲಿ ಇಲ್ಲ.”

ಉಳಿದದ್ದು ನಿಮ್ಮ ಡಬ್ಬಿಯೊಂದೇ. ಬಾಣಂತನ ಮುಗಿಸಿ ಮೈಸೂರಿಗೆ ಹೊರಡುವ ಮೊದಲು ನೀವು ಹರಳೆಣ್ಣೆಯ ದೀಪ ಹಚ್ಚಿ, ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ, ಮಸಿ ಹಿಡಿದು ತುಪ್ಪದಲ್ಲಿ ಕಲಸಿದ್ದಿರಿ. ಹೊಗೆಯ ಅಲಾರಂ ಕೂಗಬಾರದೆಂದು ಸ್ಟೂಲು ಹತ್ತಿ ಬ್ಯಾಟರಿ ತೆಗೆದವನು ನಾನೇ. ಅದರಲ್ಲಿ ಏನಿತ್ತು, ಏನಿರಲಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪರೀಕ್ಷೆಗೆ ಕಳಿಸೋಣವೆಂದು ನರ್ಸ್ ಹೇಳುವಷ್ಟರಲ್ಲಿ ವೀಣಾ ಸಿಟ್ಟಿನಲ್ಲಿ ಅದನ್ನು ಕಸಕ್ಕೆ ಎಸೆದಾಗಿತ್ತು. ನನಗೆ — ಹೇಳಿಬಿಡುತ್ತೇನೆ — ಹಾಯೆನಿಸಿತು.

ವಿಡಿಯೋ ಕಾಲ್‌ನಲ್ಲಿ ಅವಳು ನಿಮ್ಮ ಮೇಲೆ ಕೂಗಾಡಿ ಎದ್ದು ಹೋದಳು. ಫೋನು ನನ್ನ ಕೈಯಲ್ಲಿ ಉಳಿಯಿತು. “ನೀವು ಓದಿದೋರು, ನಿಜ ಹೇಳ್ಬಿಡಿ,” ಎಂದಿರಿ. “ನನ್ನ ಕಾಡಿಗೆಯಿಂದಾನೇ ಹೀಗಾಯ್ತಾ?”

“ಇರಬಹುದು, ಅತ್ತೆ.”

ಅಷ್ಟೇ ಹೇಳಿದೆ. ಆ ವಾರವೇ ಅಚ್ಚು, ಪಾತ್ರೆ ಎಲ್ಲವನ್ನೂ ಕ್ಲಬ್ಬಿಗೆ ಸಾಗಿಸಿ, ಕೋಣೆಯನ್ನು ಉಜ್ಜಿ ತೊಳೆದೆ. ತಿಂಗಳುಗಳು ಕಳೆದಂತೆ ಮಗುವಿನ ರಕ್ತದಲ್ಲಿ ಸೀಸ ಇಳಿಯಿತು. ಕಾಡಿಗೆ ನಿಲ್ಲಿಸಿದ್ದಕ್ಕೇ ಇಳಿಯಿತೆಂದು ಎಲ್ಲರೂ ನಂಬಿದರು. ನೀವೂ ನಂಬಿದಿರಿ. ಮಗಳು ಈಗ ಚೆನ್ನಾಗಿದ್ದಾಳೆ ಎನ್ನುತ್ತಾರೆ ಡಾಕ್ಟರು. ಆದರೂ ಅವಳು ಲೆಕ್ಕದಲ್ಲಿ ತಡವರಿಸಿದಾಗಲೆಲ್ಲ ನಾನು ಆ ಚಳಿಗಾಲದ ದಿನಗಳನ್ನು ಎಣಿಸುತ್ತೇನೆ.

ನಾವು ಮೈಸೂರಿಗೆ ಬಂದಾಗ ನೀವು ಅವಳನ್ನು ಎತ್ತಿಕೊಳ್ಳಲಿಲ್ಲ. ತುತ್ತು ಕೊಡಲೂ ಇಲ್ಲ. “ನನ್ನ ಕೈ ಬೇಡಮ್ಮಾ, ನೀನೇ ತಿನ್ನಿಸು,” ಎಂದು ತಟ್ಟೆಯನ್ನು ವೀಣಾಳ ಕಡೆ ಸರಿಸಿ ದೂರ ಕೂತಿರಿ. ಮೊಮ್ಮಗಳು ಆಡುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದಿರಿ. ನಾನು ಪಕ್ಕದಲ್ಲೇ ಕಾಫಿ ಕುಡಿಯುತ್ತಿದ್ದೆ, ಅತ್ತೆ. ನನಗೆ ಕಾಫಿ ಗಂಟಲಲ್ಲಿ ಇಳಿಯಿತು.

ಹೋದ ತಿಂಗಳು ನೀವು ತೀರಿಕೊಂಡ ಸುದ್ದಿ ಬಂತು. ವೀಣಾ ಗೋಡೆಗೆ ಒರಗಿ ಅಳುತ್ತಿದ್ದಳು: “ಪರ್ವಾಗಿಲ್ಲ ಬಿಡಮ್ಮಾ ಅಂತ ಒಂದ್ ಸಲಾನೂ ಹೇಳ್ಲಿಲ್ಲ ನಾನು.” ಆಗಲೂ ನಿಜ ಹೇಳದೆ ಅವಳ ಬೆನ್ನು ಸವರಿದೆ. ಮಗಳು ನನ್ನ ತೋಳು ಹಿಡಿದು, ಮೆಲ್ಲಗೆ, ಸ್ವೀಡಿಷ್‌ನಲ್ಲಿ ಕೇಳಿದಳು: “ಅಜ್ಜಿಗೆ ನಾನು ಇಷ್ಟ ಇರಲಿಲ್ಲ, ಅಲ್ವಾ?”

ತಪ್ಪೇ ಮಾಡದ ಅಮ್ಮನನ್ನು ಬೈದೆನೆಂದು ವೀಣಾ ಕೊರಗುತ್ತಾಳೆ, ಹೇಳುವುದು ಬೇಡ — ಹೀಗೆಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡೆನೋ. ಅದು ಅವಳ ಮೇಲಿನ ಕರುಣೆಯಲ್ಲ, ನನ್ನ ಹೇಡಿತನ. ಶನಿವಾರ ಇಬ್ಬರನ್ನೂ ಕೂರಿಸಿಕೊಂಡು ಹೇಳುತ್ತೇನೆ. ವೀಣಾ ನನ್ನ ಜೊತೆ ಇರುತ್ತಾಳೋ ಇಲ್ಲವೋ, ಅದು ಅವಳಿಗೆ ಬಿಟ್ಟದ್ದು. ಮಗಳಿಗೆ ಮಾತ್ರ ಮೊದಲು ಇಷ್ಟು ಹೇಳಬೇಕು: ಅಜ್ಜಿ ನಿನ್ನನ್ನು ಮುಟ್ಟದೆ ಉಳಿದದ್ದು ನೀನೆಂದರೆ ಪ್ರಾಣವಾಗಿದ್ದರಿಂದ, ಮತ್ತು ನಿನ್ನ ಅಪ್ಪನ ಸುಳ್ಳನ್ನು ನಂಬಿದ್ದರಿಂದ.